ಇಳಕಲ್ ಸೀರಿ ಅಂಗಡ್ಯಾಗ ನಾ ಮಾಡಿದ ಸೋಶಿಯಲ್ ಮೀಡಿಯಾ ಇಂಟರ್ನ್‌ಶಿಪ್: ನನ್ನ ಅನುಭವ

ಬಾಗಲಕೋಟಿಯೊಳಗ ಬಿಕಾಂ ಕೊನೇ ವರ್ಷ ಓದೋವಾಗ ಇಂಟರ್ನ್‌ಶಿಪ್ ಮಾಡಬೇಕಾಗಿತ್ತು, ಗೆಳತ್ಯಾರೆಲ್ಲಾ ಬ್ಯಾಂಕು, ಆಡಿಟರ್ ಆಫೀಸು ಅಂತ ಹೋದ್ರು, ನಾ ಇಳಕಲ್ಲಿನ ಒಂದು ಸೀರಿ ಅಂಗಡ್ಯಾಗ ಇನ್‌ಸ್ಟಾಗ್ರಾಮ್ ನೋಡ್ಕೊಳ್ಳಾಕ ಹೋದೆ. ದಿನಾ ಮುಂಜಾನೆ ಅಮೀನಗಡ, ಹುನಗುಂದ ದಾಟಿ ಬಸ್ಸಿನ್ಯಾಗ ಹೋಗೂದು, ಸಂಜಿಗೆ ಅದೇ ಹಾದಿ. ಎರಡು ತಿಂಗಳು.

ಮೊದಲನೇ ವಾರ ನಾ ಸೀರಿ ಗೊಂಬಿಗೆ ಉಡಿಸಿ, ಟ್ರೆಂಡ್ ಇರೋ ಹಾಡು ಹಾಕಿ ರೀಲ್ಸ್ ಬಿಡಬೇಕು ಅಂತಿದ್ದೆ. ಆದ್ರ ಅಂಗಡಿದು ಬಿಸಿನೆಸ್ ಅಕೌಂಟ್, ಅದರಾಗ ಸಿನಿಮಾ ಹಾಡು ಭಾಳಷ್ಟು ಸಿಗಂಗಿಲ್ಲ, ನನ್ನ ಸ್ವಂತ ಅಕೌಂಟಿನ್ಯಾಗ ಸಿಗೋ ಹಾಡು ಅಲ್ಲಿ ಹುಡುಕಿದ್ರ ಇರಲಿಲ್ಲ. ಹಂಗಾಗಿ ಹಾಡು ಬಿಟ್ಟು ಮಗ್ಗದ ಸಪ್ಪಳನ ರೆಕಾರ್ಡ್ ಮಾಡೋಣು ಅಂತ ಮಾಲಕರು ನನ್ನ ಒಬ್ಬ ಅಜ್ಜಿ ಮನಿಗೆ ಕಳಿಸಿದ್ರು.

ಅಲ್ಲಿ ಹೋದ ಮ್ಯಾಲೆನ ನಾ ಮಾರೋ ಸೀರಿ ಏನಂತ ನನಗ ತಿಳಿದದ್ದು. ಹಾಸು ಅಂದ್ರ ಮಗ್ಗಕ್ಕ ಉದ್ದಕ ಕಟ್ಟೋ ಎಳಿ. ಸೆರಗಿನ ರೇಷ್ಮಿ ಹಾಸು ಬ್ಯಾರೆ, ಒಡಲಿನ ಹತ್ತಿ ಹಾಸು ಬ್ಯಾರೆ, ಎರಡೂ ಕಡಿ ಎಳಿ ಕುಣಿಕಿ ಮಾಡಿ ಒಂದರಾಗ ಒಂದು ಸಿಗಿಸಿ ಜೋಡಸ್ತಾರ, ಅದಕ್ಕ ಕೊಂಡಿ ಅಂತಾರ. ಅಜ್ಜಿ ಬೆರಳು ಎಳಿ ಹಿಡಿಯೂದು, ಸಿಗಿಸೂದು, ಜಗ್ಗೂದು, ನೋಡ್ತಾ ನಿಂತ್ರ ಕಣ್ಣು ಸೋಲ್ತಾವು ಆದ್ರ ಅವರ ಕೈ ನಿಲ್ಲಂಗಿಲ್ಲ. ವಿಡಿಯೋ ಮಾಡ್ಲೇನ್ರಿ ಅಂತ ಕೇಳಿದೆ. “ಮಾರಿ ಬ್ಯಾಡವ್ವಾ, ಕೈ ತಗಿ” ಅಂದ್ರು. ಕೈ ಅಷ್ಟ ತಗದೆ, ಫೋನ್ ಉದ್ದಕ ಹಿಡಿದು, ಕಿಟಕಿ ಬೆಳಕಿನ್ಯಾಗ.

ಆ ರೀಲ್ ಹಿಂದಿನವೆಲ್ಲಕ್ಕಿಂತ ಚಲೋ ಹೋತು. ಇನ್‌ಸೈಟ್ಸ್ (ಪೋಸ್ಟನ್ನ ಯಾರು ಎಷ್ಟು ನೋಡಿದ್ರು ಅಂತ ಇನ್‌ಸ್ಟಾಗ್ರಾಮ್ ತೋರಿಸೋ ಲೆಕ್ಕ) ತಗದು ನೋಡಿದ್ರ ಲೈಕಿಗಿಂತ ಸೇವ್, ಶೇರ್ ಹೆಚ್ಚಿದ್ವು, ಅಂದ್ರ ಮಂದಿ ತಿರುಗಿ ನೋಡಾಕ ಇಟ್ಕೊಂಡಾರ, ಮನಿಯವರಿಗೆ ಕಳಿಸ್ಯಾರ. ಹಳೇ ರೀಲ್ಸನ್ನ ಮಂದಿ ಎಲ್ಲಿತನಕ ನೋಡಿದ್ರು ಅನ್ನೋ ಗ್ರಾಫ್ ತಗದ್ರ ಶುರುವಿನ ಎರಡು ಮೂರು ಸೆಕೆಂಡಿನ್ಯಾಗ ಗೆರಿ ದಬಕ್ಕನ ಇಳಿದಿತ್ತು, ಯಾಕಂದ್ರ ಅಲ್ಲಿ ನಾ ಅಂಗಡಿ ಬೋರ್ಡ್ ತೋರಿಸಿದ್ದೆ. ಬೋರ್ಡ್ ಯಾರಿಗೆ ಬೇಕ್ರಿ, ಸೆರಗು ಬೇಕು.

ಆದ್ರ ಅದ ವಾರ ನನ್ನಿಂದ ಒಂದು ದೊಡ್ಡ ತಪ್ಪಾತು. ಇನ್ನೊಂದು ಸೀರಿ ಫೋಟೋಕ್ಕ “ಅಪ್ಪಟ ಕೈಮಗ್ಗದ ರೇಷ್ಮಿ” ಅಂತ ಕ್ಯಾಪ್ಶನ್ ಬರದು ಹಾಕಿಬಿಟ್ಟೆ, ಅದು ಪವರ್‌ಲೂಮ್ ಸೀರಿ, ಒಡಲು ಹತ್ತಿ. ಯಾರನ್ನೂ ಕೇಳಿರಲಿಲ್ಲ, ಚಂದ ಕೇಳಸ್ತತಿ ಅಂತ ಬರದಿದ್ದೆ. ಧಾರವಾಡದ ಒಬ್ಬ ಅಕ್ಕಾರು ಅದನ್ನ ನೋಡಿ ಮಗಳ ಮದುವಿಗೆ ಬೇಕು ಅಂತ ಮೆಸೇಜ್ ಮಾಡಿದ್ರು. ನಂಗ ಹೊಟ್ಟಿಯೊಳಗ ಧಸ್ ಅಂತು. ಮಾಲಕರಿಗೆ ಹೇಳಿದೆ, ಅವರು ಸಿಟ್ಟಾಗಲಿಲ್ಲ, “ಖರೇ ಹೇಳಿಬಿಡವ್ವಾ, ಇಲ್ಲಂದ್ರ ಅಜ್ಜಿ ಕೊಂಡಿ ಹಾಕಿದ ಸೀರಿಗೂ ಬೆಲಿ ಉಳಿಯಂಗಿಲ್ಲ” ಅಂದ್ರು. ಪೋಸ್ಟ್ ತಿದ್ದಿದೆ, ಅಕ್ಕಾರಿಗೆ ತಪ್ಪಾತ್ರಿ ಅಂತ ಬರದು ಎರಡೂ ತರದ ಸೀರಿ ಫೋಟೋ, ರೇಟ್ ಸಮೇತ ಕಳಿಸಿದೆ. ಅವರು ಕೈಮಗ್ಗದ್ದ ತಗೊಂಡ್ರು.

ಅವತ್ತಿಂದ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಸೀರಿಗೂ ಮಗ್ಗ ಯಾವುದು, ಒಡಲು ಏನು, ಸೆರಗು ರೇಷ್ಮಿನೋ ಆರ್ಟ್ ಸಿಲ್ಕೋ (ಕೃತಕ ರೇಷ್ಮಿ), ದಡಿ ಅಂದ್ರ ಅಂಚಿನ ನಮೂನಿ ಗೋಮಿನೋ ಪರಾಸಪೇಟಿನೋ ಗಾಡಿನೋ, ರೇಟ್ ಎಷ್ಟು ಅಂತ ಮೊದಲು ಬರಕೊಂಡು ಆಮ್ಯಾಲೆ ಕ್ಯಾಪ್ಶನ್. ರೇಟ್ ಮುಚ್ಚಿಟ್ಟು “ಡಿಎಂ ಮಾಡಿ” (ಖಾಸಗಿ ಮೆಸೇಜ್ ಕಳಿಸಿ) ಅನ್ನೂದನ್ನೂ ಬಿಟ್ವಿ, ದಿನಾ ನೂರು ಸಲ “ರೇಟ್ ಎಷ್ಟ್ರಿ” ಅನ್ನೋದಕ್ಕ ಉತ್ತರ ಬರಿಯೋದು ತಪ್ಪಿತು, ಆ ಹೊತ್ತಿನ್ಯಾಗ ಖರೇ ತಗೊಳ್ಳೋರ ಜೋಡಿ ಮಾತಾಡಾಕ ಆತು.

ಕೊನೇ ದಿನ ಅಕೌಂಟ್ ಮಾಲಕರ ಮಗಳಿಗೆ ಒಪ್ಪಿಸಿದೆ. ಪಾಸ್‌ವರ್ಡ್ ಹೇಳಿ ಹೊಂಟಿದ್ದೆ, ಬಸ್‌ಸ್ಟ್ಯಾಂಡ್ ಹತ್ರ ನೆನಪಾತು, ಒಟಿಪಿ ಬರೋ ನಂಬರ್ ಇನ್ನೂ ನಂದ ಐತಿ. ಹೊಳ್ಳಿ ಹೋಗಿ ಅವರ ನಂಬರ್ ಹಾಕಿ, ನನ್ನ ಫೋನಿನಿಂದ ಲಾಗ್‌ಔಟ್ ಆಗಿ, ನೋಟ್‌ಬುಕ್ ಆಕಿ ಕೈಯಾಗ ಕೊಟ್ಟು ಬಂದೆ.