ಬೇಕಲ ಕೋಟೆಯಲ್ಲಿ ತಂಡ ನಡೆಸುವ ಕ್ರಮ: ಬುರುಜು ಕಟ್ಟಕಡೆಗೆ

ಬೇಕಲ ಕೋಟೆಗೆ ಬರುವವರಲ್ಲಿ ಹೆಚ್ಚಿನವರು ಟಿಕೇಟು ತೆಗೆದ ಕೂಡಲೇ ನಡುವಿನ ವೀಕ್ಷಣಾ ಬುರುಜಿನತ್ತ ನೆಟ್ಟಗೆ ನಡೆಯುತ್ತಾರೆ. ಹತ್ತು ನಿಮಿಷ ಕಡಲು ನೋಡಿ, ಫೋಟೋ ತೆಗೆದು, ಪಡುವಣ ಕೊತ್ತಳದ ತನಕ ಹೋಗಿ ವಾಪಸು. ನಾನು ತಂಡ ಕರೆದೊಯ್ಯುವಾಗ ಈ ಕ್ರಮವನ್ನು ತಿರುವಿ ಹಾಕುತ್ತೇನೆ. ಬುರುಜು ಕಟ್ಟಕಡೆಗೆ. ಮೇಲೆ ಹತ್ತಿ ಕಡಲು ಕಂಡವರು ಮತ್ತೆ ಕಲ್ಲಿನ ಮಾತು ಕೇಳುವುದಿಲ್ಲ, ಅದೊಂದು. ಅದಕ್ಕಿಂತ ದೊಡ್ಡ ಕಾರಣ, ಕೋಟೆ ಕಟ್ಟುವುದೇ ಒಳಗೆ ಬರುವವನನ್ನು ತಡೆಯಲಿಕ್ಕೆ. ಹಾಗೆ ಬರುವವನ ದಾರಿಯಲ್ಲೇ ನಡೆದರೆ ಯಾವ ಗೋಡೆ ಅಲ್ಲಿ ಯಾಕಿದೆ ಎಂದು ತಾನಾಗಿ ತಿಳಿಯುತ್ತದೆ.

ಮೊದಲು ಅಲ್ಲಿಗೆ ತಲುಪುವ ವಿಚಾರ. ಕಾಸರಗೋಡಿನಿಂದ ಕಾಞಂಗಾಡಿಗೆ ಬಸ್ಸಿಗೆ ಎರಡು ದಾರಿ. ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ ಮೂಲಕ ಹೋಗುವ ಕರಾವಳಿ ರಸ್ತೆಯಲ್ಲಿ ಕೋಟೆ ಸಿಗುತ್ತದೆ. ಚೆರ್ಕಳ, ಚಟ್ಟಂಚಾಲ್, ಪೆರಿಯ ಮೂಲಕ ಹೆದ್ದಾರಿಯಲ್ಲಿ ಹೋಗುವ ಬಸ್ಸು ಹತ್ತಿದರೆ ಸಿಗುವುದಿಲ್ಲ. ಎರಡು ಬಸ್ಸಿಗೂ ಎದುರಿನ ಬೋರ್ಡು ಕಾಞಂಗಾಡೇ, ಅದೂ ಮಲಯಾಳದಲ್ಲಿ. ಪುತ್ತೂರು, ಮಂಗಳೂರು ಕಡೆಯಿಂದ ಬರುವವರಿಗೆ ಇದನ್ನು ಮೊದಲೇ ಹೇಳಿಡಬೇಕು. ಹತ್ತುವ ಮೊದಲು ಕಂಡಕ್ಟರನಲ್ಲಿ "ಚಂದ್ರಗಿರಿ ವಳಿಯಾ?" ಎಂದು ಕೇಳಿದರೆ ಸಾಕು. ಬೇಕಲ ಕೋಟೆ ಹೆಸರಿನ ರೈಲು ನಿಲ್ದಾಣವೂ ಇದೆ, ಆದರೆ ಎಕ್ಸ್‌ಪ್ರೆಸ್ ರೈಲುಗಳಲ್ಲಿ ಹೆಚ್ಚಿನವು ಅಲ್ಲಿ ನಿಲ್ಲುವುದಿಲ್ಲ. ಕಾಸರಗೋಡಿನಲ್ಲೋ ಕಾಞಂಗಾಡಿನಲ್ಲೋ ಇಳಿಯುವುದೇ ಒಳ್ಳೆಯದು.

7:45ಕ್ಕೆ ಹೊರಗೆ ಸೇರಿ 8ಕ್ಕೆ ಗೇಟು ತೆರೆದಾಗ ಒಳಗೆ ಹೋದರೆ 10:30ಕ್ಕೆ ಮುಗಿಯುತ್ತದೆ. ಕೋಟೆಯ ವಿಸ್ತಾರ ಸುಮಾರು 40 ಎಕರೆ, ಅಂದರೆ ಒಂದು ಲಕ್ಷ ಅರುವತ್ತು ಸಾವಿರ ಚದರ ಮೀಟರಿನಷ್ಟು. ಸುತ್ತಳತೆ ಎಷ್ಟೇ ಕಡಿಮೆ ಎಂದು ಲೆಕ್ಕ ಹಾಕಿದರೂ 1.4 ಕಿ.ಮೀ.ಗಿಂತ ಇಳಿಯದು. ಒಳಗಿನ ಸುತ್ತಾಟ ಸೇರಿಸಿ ಎರಡೂವರೆ ಕಿ.ಮೀ. ನಡೆಯಲು ತಯಾರಿರಬೇಕು. ತಂಡ 18 ಜನರಿಗಿಂತ ದೊಡ್ಡದಾಗಬಾರದು. ಗಾಳಿಗೆ ಮಾತು ಹಾರಿಹೋಗುವ ಜಾಗ ಅದು, ಹತ್ತೊಂಬತ್ತನೆಯವ ನಿಂತಲ್ಲಿಗೆ ಧ್ವನಿ ಮುಟ್ಟುವುದಿಲ್ಲ. ಶಾಲೆಯ ಮೂವತ್ತೈದು ಮಕ್ಕಳಾದರೆ ಎರಡು ಗುಂಪು ಮಾಡಿ ಎರಡನೆಯದನ್ನು ಇಪ್ಪತ್ತೈದು ನಿಮಿಷ ತಡೆದು ಬಿಡುತ್ತೇನೆ. ಎರಡನೆಯ ಗುಂಪನ್ನು ಇನ್ನೊಂದು ತುದಿಯಿಂದ ಶುರು ಮಾಡಿಸುವ ಸುಲಭದ ಉಪಾಯ ಬೇಡ, ದಾರಿಯ ಕ್ರಮವೇ ಕೆಟ್ಟುಹೋಗುತ್ತದೆ. ಮಾಷ್ಟ್ರು ಯಾವಾಗಲೂ ಸಾಲಿನ ಕೊನೆಯಲ್ಲಿರಬೇಕು, ಮುಂದಲ್ಲ.

ಕೇಂದ್ರ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಹಣ ಪಡೆದು ಜನರಿಗೆ ಜಾಗ ತೋರಿಸಬೇಕಾದರೆ ಇಲಾಖೆಯ ಪರವಾನಗಿ ಬೇಕು, 1959ರ ನಿಯಮಗಳಲ್ಲೇ ಅದಿದೆ. ತಮ್ಮ ಶಾಲೆಯ ಮಕ್ಕಳಿಗೆ ಮಾಷ್ಟ್ರು ತೋರಿಸುವುದಕ್ಕೆ ಇದು ಅಡ್ಡ ಬರುವುದಿಲ್ಲ. ಕ್ಯಾಮೆರಾದ ಮುಕ್ಕಾಲಿ ಸ್ಟ್ಯಾಂಡಿಗೂ ಡ್ರೋನಿಗೂ ಮುಂಚಿತ ಅನುಮತಿ ಬೇಕು. ತಿಂಡಿ ಕಟ್ಟು ಬಸ್ಸಿನಲ್ಲೇ ಇರಲಿ, ನೀರು ಮಾತ್ರ ತಲೆಗೊಂದು ಲೀಟರಿನಂತೆ ಒಳಗೆ. 15 ವರ್ಷದೊಳಗಿನವರಿಗೆ ಟಿಕೇಟಿಲ್ಲ.

ಮೊದಲ ನಿಲುಗಡೆ ಗೇಟಿನ ಹೊರಗೆ, ಕಂದಕ ಕಾಣುವಲ್ಲಿ. ಇತಿಹಾಸ ಹೇಳಬೇಕಾದದ್ದೆಲ್ಲ ಇಲ್ಲೇ, ಹತ್ತು ನಿಮಿಷದೊಳಗೆ, ಐದು ಇಸವಿಗಿಂತ ಹೆಚ್ಚಿಲ್ಲದೆ. ಇಕ್ಕೇರಿಯ ಕೆಳದಿ ಅರಸರಲ್ಲಿ ಶಿವಪ್ಪ ನಾಯಕ ಈ ಕೋಟೆ ಕಟ್ಟಿಸಿದ್ದು 1650ರ ಆಸುಪಾಸು. 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಹೈದರಾಲಿಯ ಕೈಸೇರಿತು, ಕೆಳದಿಯವರ ಈ ಕರಾವಳಿ ಕೋಟೆಗಳೂ ಮೈಸೂರಿನದಾದವು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಇಂಗ್ಲಿಷರದ್ದಾಯಿತು, ಬೇಕಲ ಒಂದು ತಾಲೂಕಿನ ಕೇಂದ್ರವಾಯಿತು. 1862ರಲ್ಲಿ ಬೇಕಲ ತಾಲೂಕಿನ ಜಾಗಕ್ಕೆ ಕಾಸರಗೋಡು ತಾಲೂಕು ಬಂತು. 1956, ಕಾಸರಗೋಡು ಕೇರಳಕ್ಕೆ ಸೇರಿದ ವರ್ಷ, ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ.

ಈ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಟಿಪ್ಪು ಕಟ್ಟಿಸಿದ್ದಲ್ವಾ ಅಣ್ಣ ಇದು?" ನಡುವಿನ ಬುರುಜನ್ನು ಟಿಪ್ಪುವಿನ ಕಾಲದ್ದು ಎನ್ನುತ್ತಾರೆ, ಕೋಟೆ ಅದಕ್ಕೂ ನೂರಮೂವತ್ತು ವರ್ಷದಷ್ಟು ಹಳೆಯದು ಎಂದು ಅಷ್ಟಕ್ಕೆ ನಿಲ್ಲಿಸುತ್ತೇನೆ. ಕೆಳದಿಯವರಿಗಿಂತ ಮೊದಲೇ, ಕಣ್ಣೂರು ಕಡೆಯ ಕೋಲತ್ತಿರಿ ಅರಸರ ಕಾಲದಲ್ಲೇ, ಇಲ್ಲೊಂದು ಕೋಟೆಯಿತ್ತು ಎಂಬ ವಾದವೂ ಇದೆ. ಅದನ್ನೂ ಮುಚ್ಚಿಡುವುದಿಲ್ಲ. ಯಾವುದು ದಾಖಲೆಯ ಮಾತು, ಯಾವುದು "ಎನ್ನುತ್ತಾರೆ" ಎಂಬ ಮಾತು ಎಂದು ಬೇರೆ ಬೇರೆ ಹೇಳಿದರೆ ಜಗಳ ಹುಟ್ಟುವುದಿಲ್ಲ. ಕನ್ನಡ, ಮಲಯಾಳ, ತುಳು ಮೂರೂ ಇರುವ ತಂಡದಲ್ಲಿ ಇದು ಮುಖ್ಯ. ಕೋಟೆ ಕಾಯಲು ಬಂದ ಕನ್ನಡ ಮಾತಿನ ರಾಮಕ್ಷತ್ರಿಯರ, ಅಂದರೆ ಕೋಟೆಯವರ, ಮನೆಗಳು ಹೊಸದುರ್ಗ, ಬೇಕಲ ಸುತ್ತಮುತ್ತ ಇವತ್ತಿಗೂ ಇವೆ ಎಂದಾಗ ತಂಡದಲ್ಲಿ ಒಬ್ಬರಾದರೂ "ನಮ್ಮ ಸಂಬಂಧದವರು" ಎನ್ನುತ್ತಾರೆ.

ಗೇಟಿನ ಬಳಿ ಮುಖ್ಯಪ್ರಾಣನ ಗುಡಿ. ಚಪ್ಪಲಿ ಬಿಟ್ಟು ನಮಸ್ಕಾರ ಮಾಡುವವರಿಗೆ ಐದು ನಿಮಿಷ ಕೊಟ್ಟೇ ಮುಂದೆ ಹೋಗಬೇಕು, ಇಲ್ಲವಾದರೆ ಅರ್ಧ ತಂಡ ಹಿಂದೆ ಉಳಿಯುತ್ತದೆ. ಹತ್ತಿರದಲ್ಲೇ ಹಳೆಯ ಮಸೀದಿಯೂ ಇದೆ.

ಬಾಗಿಲಿನ ದಾರಿ ನೇರವಿಲ್ಲ, ತಿರುಗಿ ತಿರುಗಿ ಹೋಗುತ್ತದೆ. ಇಲ್ಲಿ ನಾನು ಬಾಯಿ ಮುಚ್ಚಿಕೊಂಡು ಇಬ್ಬರು ದೊಡ್ಡ ಹುಡುಗರಿಗೆ ಒಂದು ಉದ್ದದ ಕೋಲನ್ನು ಮುಂದೊಬ್ಬ ಹಿಂದೊಬ್ಬ ಹಿಡಿದು ವೇಗವಾಗಿ ನಡೆಯಲು ಹೇಳುತ್ತೇನೆ. ನಾಲ್ಕು ಮೀಟರಿನ ಹಗ್ಗ ಬಿಗಿಯಾಗಿ ಹಿಡಿದರೂ ಆದೀತು. ಮೊದಲ ತಿರುವಿನಲ್ಲೇ ವೇಗ ಸಾಯುತ್ತದೆ. ಬಾಗಿಲು ಒಡೆಯುವ ದಿಮ್ಮಿಗೂ ಆನೆಗೂ ಓಡಿಬಂದು ಗುದ್ದಲು ಜಾಗವಿಲ್ಲ, ತಿರುಗುವಾಗ ಮೈಯ ಪಕ್ಕ ಗೋಡೆಯ ಮೇಲಿನವರಿಗೆ ಒಡ್ಡಿಕೊಳ್ಳುತ್ತದೆ. ಇದನ್ನು ಮಾತಿನಲ್ಲಿ ವಿವರಿಸಿದರೆ ಮರೆತುಹೋಗುತ್ತದೆ.

ಒಳಗೆ ಬಂದ ಮೇಲೆ ಗೋಡೆಯ ಗುಂಟ ನಡೆಯುವುದು. ಕೋವಿ ಕಂಡಿಗಳ ಮುಂದೆ ಅವಸರ ಬೇಡ, ಇಡೀ ನಡಿಗೆಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದೇ. ಕಂಡಿಗಳು ಬೇರೆ ಬೇರೆ ಓರೆಯಲ್ಲಿವೆ. ಮೇಲಿನದು ದೂರದ ಶತ್ರುವಿಗೆ, ಅದರ ಕೆಳಗಿನದು ಹತ್ತಿರ ಬಂದವನಿಗೆ, ಎಲ್ಲಕ್ಕಿಂತ ಕೆಳಗಿನದು ಗೋಡೆಯ ಬುಡಕ್ಕೇ ಬಂದವನಿಗೆ. ಒಬ್ಬೊಬ್ಬರಾಗಿ ಬಂದು ಮೂರರಲ್ಲೂ ಇಣುಕಿ ಏನು ಕಂಡಿತೆಂದು ಜೋರಾಗಿ ಹೇಳಬೇಕು. ಒಂದರಲ್ಲಿ ತೆಂಗಿನ ತಲೆ, ಒಂದರಲ್ಲಿ ಬಯಲು, ಕೊನೆಯದರಲ್ಲಿ ಬರೀ ಹುಲ್ಲು. ತಲೆಗೆ ಒಂದು ನಿಮಿಷ ಹಿಡಿದರೂ ಹದಿನೆಂಟು ನಿಮಿಷ ಬೇಕು, ಹಾಗಾಗಿ ಎರಡು ಜಾಗದಲ್ಲಿ ತಂಡ ಒಡೆಯುತ್ತೇನೆ. ಮಕ್ಕಳು ಕಂಡಿಯೊಳಗೆ ಕಡ್ಡಿ, ಚಾಕೊಲೇಟ್ ಕಾಗದ ತುರುಕುತ್ತಾರೆ, ಕೈ ಖಾಲಿ ಇದ್ದವರೇ ಮುಂದೆ ಬರಬೇಕೆಂದು ಮೊದಲೇ ಹೇಳಬೇಕು. ಗೋಡೆಯ ಮೇಲಿನ ದಾರಿಯಲ್ಲಿ ಎಲ್ಲ ಕಡೆ ಕೈಗಂಬಿ ಇಲ್ಲ. ನಿಂತು ಮಾತಾಡುವಾಗ ಜನ ಒಳಬದಿಗೆ, ನಾನು ಅಂಚಿಗೆ.

ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಇನ್ನೊಂದು ಲೆಕ್ಕವೂ ಇದೆ. ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ, ಅದೂ ಸಣ್ಣಗೆ. ಆಗ ಗಾಳಿಯನ್ನು ಮರೆತು ಬಿಸಿಲು ನೋಡಬೇಕು: ಕೇಳುವವರ ಬೆನ್ನಿಗೆ ಸೂರ್ಯ, ನನ್ನ ಮುಖಕ್ಕೆ ಸೂರ್ಯ. ಹತ್ತು ಗಂಟೆ ಕಳೆದು ಕಡಲಗಾಳಿ ಎದ್ದ ಮೇಲೆ ಸೂರ್ಯ ತಲೆಯ ಮೇಲಾಗಿರುತ್ತಾನೆ. ಆಮೇಲೆ ಗಾಳಿಯದೇ ಕಾರುಬಾರು. ನಾನು ಪಡುವಣಕ್ಕೆ ನಿಂತರೆ ಮಾತನ್ನು ಗಾಳಿಯೇ ಒಯ್ದು ಮುಟ್ಟಿಸುತ್ತದೆ. ಮೂಡಣಕ್ಕೆ ನಿಂತು ಕಿರುಚಿದರೆ ಗಂಟಲು ಮಾತ್ರ ಹೋಗುತ್ತದೆ.

ಕಲ್ಲಿನ ಮಾತಿಗೆ ನೆರಳಿರುವ ಜಾಗ ಹುಡುಕುತ್ತೇನೆ. ಕೋಟೆಯೆಲ್ಲ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ನೆಲದಡಿ ಇರುವಾಗ ಕೊಡಲಿಗೆ ಬಗ್ಗುವಷ್ಟು ಮೆದು, ಕಡಿದು ಗಾಳಿಗಿಟ್ಟು ತೇವ ಆರಿದರೆ ಅದರೊಳಗಿನ ಕಬ್ಬಿಣದ ಅಂಶ ಬಿಗಿದು ಗಟ್ಟಿಯಾಗುತ್ತದೆ. ಈ ಗುಣವನ್ನು ಗುರುತಿಸಿ ಬರೆದವನು ಫ್ರಾನ್ಸಿಸ್ ಬುಕಾನನ್. ಮಲಪ್ಪುರಂ ಜಿಲ್ಲೆಯ ಅಂಗಾಡಿಪ್ಪುರಂನಲ್ಲಿ ಇದನ್ನು ನೋಡಿ 1807ರ ಪ್ರವಾಸ ಕಥನದಲ್ಲಿ ಲ್ಯಾಟರೈಟ್ ಎಂಬ ಹೆಸರಿಟ್ಟ. ನಮ್ಮ ಪದವುಗಳಲ್ಲಿ ಇವತ್ತು ಯಂತ್ರದಲ್ಲಿ ಕೊಯ್ಯುವ ಕಲ್ಲಿಗೆ ಗರಗಸದ ನೇರ ಗೆರೆ ಇರುತ್ತದೆ, ಕೈಯಲ್ಲಿ ಕಡಿದದ್ದಕ್ಕೆ ಓರೆ ಓರೆ ಏಟಿನ ಗುರುತು. ಕೋರೆಯಿಂದ ತಂದ ಒಂದು ತುಂಡು ಚೀಲದಲ್ಲಿರುತ್ತದೆ, ಕೈಯಿಂದ ಕೈಗೆ ದಾಟಿಸಲು. ಅದನ್ನು ಗೇಟಿನಲ್ಲೇ ಕಾವಲುಗಾರರಿಗೆ ತೋರಿಸಿ ಒಳಗೆ ಒಯ್ಯಬೇಕು, ಹೊರಗೆ ಹೋಗುವಾಗ ಕೋಟೆಯ ಕಲ್ಲೆಂದು ತಡೆಯುವ ಪ್ರಸಂಗ ಬರಬಾರದು. ಗೋಡೆಯಲ್ಲಿ ಹಳೆಯ ಕಲ್ಲು ಹಾವಸೆ ಒಣಗಿ ಕಪ್ಪಾಗಿದೆ. ದುರಸ್ತಿಯಲ್ಲಿ ಸೇರಿಸಿದ್ದು ಕೆಂಪಗೆ, ಅಂಚು ಚೂಪಾಗಿ ಕಾಣುತ್ತದೆ. ಒಮ್ಮೆ ತೋರಿಸಿದರೆ ಸಾಕು, ಆಮೇಲೆ ತಂಡದವರೇ ಹುಡುಕಿ ಹುಡುಕಿ ಹೇಳುತ್ತಾರೆ.

ಉತ್ಖನನದ ಜಾಗ ಎಲ್ಲಕ್ಕಿಂತ ಕಷ್ಟದ್ದು. 1990ರ ದಶಕದ ಕೊನೆಯಿಂದ ಪುರಾತತ್ತ್ವ ಇಲಾಖೆ ಇಲ್ಲಿ ಅಗೆದಾಗ ಅರಮನೆಯ, ಟಂಕಸಾಲೆಯ ಅವಶೇಷಗಳು, ಹೈದರ್–ಟಿಪ್ಪು ಕಾಲದ ನಾಣ್ಯಗಳು ಸಿಕ್ಕಿದವು. ನೋಡುವವರಿಗೆ ಕಾಣುವುದು ಮೊಣಕಾಲೆತ್ತರದ ಕಲ್ಲಿನ ಸಾಲು. "ಇದೇನು, ಪಂಚಾಂಗ (ಅಡಿಪಾಯ) ಹಾಕಿ ಬಿಟ್ಟ ಮನೆಯ ಹಾಗಿದೆ" ಎಂದು ಒಬ್ಬರು ಹೇಳದಿರುವುದಿಲ್ಲ, ತಪ್ಪೂ ಅಲ್ಲ. ಮೇಲಿನ ಮರ, ಮಾಡು ಈ ಮಳೆಯಲ್ಲಿ ಉಳಿಯುವುದಿಲ್ಲ, ಪಂಚಾಂಗವೇ ಉಳಿಯುವುದು. ಇಲ್ಲಿ ಮೊದಲು ಬಾಗಿಲು ಹುಡುಕಿಸಬೇಕು: ಸಾಲು ಎಲ್ಲಿ ತುಂಡಾಗಿದೆ, ಮೆಟ್ಟಿಲು ಯಾವ ಕಡೆಗೆ ಮುಖ ಮಾಡಿದೆ. ಆಮೇಲೆ ನೀರು ಹೋಗುವ ದಾರಿ. ಬಾಗಿಲು, ನೀರು ಎರಡು ಗೊತ್ತಾದರೆ ಒಳಗೆ ಯಾವುದು, ಹೊರಗೆ ಯಾವುದು ಎಂದು ತಿಳಿಯುತ್ತದೆ. ಕೋಣೆಯ ಅಳತೆ ಮನಸ್ಸಿಗೆ ಬರಲು ಪಕ್ಕದ ಹುಲ್ಲಿನಲ್ಲಿ ಅಷ್ಟೇ ಉದ್ದಗಲಕ್ಕೆ ಜನರನ್ನೇ ಗೋಡೆಯಾಗಿ ನಿಲ್ಲಿಸುತ್ತೇನೆ, ಹನ್ನೆರಡು ಮಂದಿ ಸಾಕಾಗುತ್ತಾರೆ. ಕಲ್ಲಿನ ಸಾಲಿನ ಮೇಲೆ ಮಾತ್ರ ಯಾರೂ ಹತ್ತಬಾರದು. ಅಂಚಿಗೆ ಭಾರ ಬಿದ್ದರೆ ಮುರಕಲ್ಲು ಪುಡಿಯಾಗಿ ಉದುರುತ್ತದೆ.

ಮೆಟ್ಟಿಲಿರುವ ಕೆರೆ ಮತ್ತು ಮದ್ದಿನ ಮನೆ ಬೇಗ ಮುಗಿಯುತ್ತವೆ. ತೆಂಕಣಕ್ಕೆ ತೆರೆಯುವ ಸುರಂಗದ ಬಾಯಿಯಲ್ಲಿ ಮಾತ್ರ ನಮ್ಮ ಕಡೆಯ ಮಕ್ಕಳಿಗೆ ಮಾತು ಬರುತ್ತದೆ. ಬಾಯಾರು, ಎಣ್ಮಕಜೆ, ಪೈವಳಿಕೆ ಕಡೆಯವರ ತೋಟದಲ್ಲಿ ನೀರಿನ ಸುರಂಗ ಇದ್ದೇ ಇದೆ: ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲ, ಆಳು ನಿಲ್ಲುವಷ್ಟು ಎತ್ತರ. ಮುರಕಲ್ಲಿನ ಗುಡ್ಡ ಕೊರೆದರೂ ಕಂಬ, ತೊಲೆ ಕೊಡದೆ ನಿಲ್ಲುತ್ತದೆ, ನೀರನ್ನೂ ಒಸರಿಸುತ್ತದೆ. ಗೋಡೆ ಕಟ್ಟಿದ ಕಲ್ಲೂ ಅದೇ ಎಂದರೆ ಬೇರೆ ವಿವರಣೆ ಬೇಕಾಗುವುದಿಲ್ಲ. ಕೋಟೆಯ ಸುರಂಗ ಇಷ್ಟು ಮೈಲಿ ಹೋಗುತ್ತದೆ, ಅಲ್ಲಿಗೆ ಮುಟ್ಟುತ್ತದೆ ಎಂಬ ಕತೆಗಳನ್ನು ನಾನು ಹೇಳುವುದಿಲ್ಲ. ಯಾರಾದರೂ ಹೇಳಿದರೆ ತಡೆಯುವುದೂ ಇಲ್ಲ.

ಕೊನೆಗೆ ಬುರುಜು. ಅಗಲದ ಇಳಿಜಾರು ದಾರಿ, ಫಿರಂಗಿ ಎಳೆಯಲು ತಕ್ಕದ್ದು. ಪಳ್ಳಿಕ್ಕೆರೆ, ಕೋಟಿಕುಳಂ, ಉದುಮ, ಕಾಞಂಗಾಡ್ ದಿಕ್ಕುಗಳನ್ನು ಬೊಟ್ಟು ಮಾಡಿ ತೋರಿಸಿ ಸುಮ್ಮನಾಗುತ್ತೇನೆ. ಮೊದಲು ಕಂಡಿಯಲ್ಲಿ ತುಂಡು ತುಂಡಾಗಿ ನೋಡಿದ್ದನ್ನೇ ಈಗ ಒಟ್ಟಿಗೆ ನೋಡುವುದು. ಕೆಳಗಿನ ಗೋಡೆಯ ಓಟವನ್ನು ಅವರೇ ಒಬ್ಬರಿಗೊಬ್ಬರು ವಿವರಿಸಿಕೊಳ್ಳುತ್ತಾರೆ.

ಕಾಲ ನೋಡಿ ಹೊರಡಬೇಕು. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು, ಡಿಸೆಂಬರಿನ ಕೊನೆಯ ವಾರ ಮಾತ್ರ ಬೇಡ, ರಜೆಯ ಜನ. ಜೂನಿನಿಂದ ಸೆಪ್ಟೆಂಬರ್ ತನಕ ಹಾವಸೆಯ ಮೇಲೆ ಕಾಲು ಜಾರುತ್ತದೆ, ಹುಲ್ಲು ಬೆಳೆದು ಗೋಡೆಯ ಅಂಚೇ ಕಾಣುವುದಿಲ್ಲ. ಬರಲೇಬೇಕೆನ್ನುವವರನ್ನು ಗೋಡೆಯ ಮೇಲೆ ಹತ್ತಿಸದೆ ಕೆಳಗಿನ ದಾರಿಯಲ್ಲೇ ಒಯ್ಯುತ್ತೇನೆ. ಅಕ್ಟೋಬರಿನಲ್ಲೂ ಏಪ್ರಿಲ್–ಮೇಯಲ್ಲೂ ಮಧ್ಯಾಹ್ನದ ಮೇಲೆ ಸಿಡಿಲು. ಬಯಲಲ್ಲಿ ಎತ್ತರವಾಗಿರುವುದು ಬುರುಜು ಮತ್ತು ಅದರ ಮೇಲಿನ ತಲೆಗಳು, ಗುಡುಗು ಕೇಳಿದ ಕೂಡಲೇ ಇಳಿಸಬೇಕು. ಕೊಡೆ ಕಡಲಗಾಳಿಗೆ ಮಗುಚುತ್ತದೆ, ದಾರ ಕಟ್ಟಿದ ಟೊಪ್ಪಿ ವಾಸಿ.

ಇನ್ನೂ ಉತ್ಸಾಹ ಉಳಿದವರನ್ನು ಮರಳಿ ಹೋಗುವ ಬಸ್ಸಿನಲ್ಲಿ ಮೇಲ್ಪರಂಬದಲ್ಲಿ ಇಳಿಸಿ ಚಂದ್ರಗಿರಿ ಕೋಟೆಗೆ ಕರೆದೊಯ್ಯಬಹುದು. ಅದೂ ಶಿವಪ್ಪ ನಾಯಕನದೇ, ವಿಸ್ತಾರ ಏಳು ಎಕರೆಯಷ್ಟು, ಹೊಳೆಯ ತೆಂಕಣ ದಂಡೆಯ ಮೇಲೆ. ಮುಕ್ಕಾಲು ಗಂಟೆ ಸಾಕು. ಅಲ್ಲಿ ನೆರಳೂ ಕಡಿಮೆ, ಅಂಗಡಿಯೂ ಇಲ್ಲ. ಬೊಂಡ ಕುಡಿಯುವುದಿದ್ದರೆ ಬೇಕಲದಲ್ಲೇ ಕುಡಿದು ಬಸ್ಸು ಹತ್ತಬೇಕು.