ಒಂಬತ್ತು ತಿಂಗಳ ಲೂಸ್ ಮೋಷನ್ ಮತ್ತು ಒಂದು ಡೈರಿ

ನಾನು ಬಸ್ ಕಂಡಕ್ಟರ್. ಚಿತ್ರದುರ್ಗದಿಂದ ಹೊಳಲ್ಕೆರೆ, ಚನ್ನಗಿರಿ ಮೇಲೆ ಶಿವಮೊಗ್ಗ, ಮತ್ತೆ ವಾಪಸ್. ಈ ಕೆಲಸದಲ್ಲಿ ಹೊಟ್ಟೆ ಕೆಟ್ಟರೆ ಆಗುವ ಪಾಡೇ ಬೇರೆ. ಬಸ್ಸಿನ ತುಂಬ ಜನ, ಮುಂದಿನ ಸ್ಟ್ಯಾಂಡಿಗೆ ಇನ್ನೂ 20 ನಿಮಿಷ, ಹೊಟ್ಟೆಯೊಳಗೆ ಗುಡುಗುಡು. ಕಂಬಿ ಹಿಡಿದು, ಹಲ್ಲು ಕಚ್ಚಿ, ಬೆವರುತ್ತಾ ಟಿಕೆಟ್ ಕೊಟ್ಟಿದ್ದೇನೆ. ಒಂದೆರಡು ದಿನ ಅಲ್ಲ, 9 ತಿಂಗಳು. ಯಾರ ಹತ್ತಿರವೂ ಹೇಳಿಕೊಳ್ಳಲು ನಾಚಿಕೆ. ಇನ್ನೊಬ್ಬರು ಅಷ್ಟು ದಿನ ಸುಮ್ನೆ ನರಳಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಶುರುವಾಗಿದ್ದು ಒಂದು ಮದುವೆ ಊಟದಿಂದ. ಅಂದು ರಾತ್ರಿಯೇ ವಾಂತಿ, ಜ್ವರ, ನೀರಿನಂಥ ಭೇದಿ. ನಾಲ್ಕು ದಿನದಲ್ಲಿ ಜ್ವರ ಇಳಿಯಿತು, ವಾಂತಿ ನಿಂತಿತು. ಭೇದಿ ಮಾತ್ರ ಪೂರ್ತಿ ಹೋಗಲಿಲ್ಲ. ಎರಡು ದಿನ ಚೆನ್ನಾಗಿರುತ್ತಿತ್ತು, ಮೂರನೇ ದಿನ ಮತ್ತೆ ನಾಲ್ಕೈದು ಸಲ. ಜೊತೆಗೆ ಹೊಟ್ಟೆ ಉಬ್ಬರ, ನುಲಿತ.

ಆಗೆಲ್ಲ ನಾನು ಮೆಡಿಕಲ್ ಶಾಪಿಗೆ ಹೋಗಿ ‘ಲೂಸ್ ಮೋಷನ್‌ಗೆ ಏನಾದರೂ ಕೊಡಿ’ ಅನ್ನುತ್ತಿದ್ದೆ. ಮೋಷನ್ ನಿಲ್ಲಿಸುವ ಮಾತ್ರೆ, ಅದರ ಜೊತೆ ಒಂದು ಆಂಟಿಬಯಾಟಿಕ್ ಸಿಗುತ್ತಿತ್ತು. ನಿಂತ ಕೂಡಲೇ ಉಳಿದ ಮಾತ್ರೆ ಬಿಟ್ಟುಬಿಡುತ್ತಿದ್ದೆ. ಹೀಗೆ ನಾಲ್ಕು ಸಲ. ಯಾವ ಡಾಕ್ಟರನ್ನೂ ಕೇಳಲಿಲ್ಲ. ನಾನು ಮಾಡಿದ ದೊಡ್ಡ ತಪ್ಪು ಇದೇ.

ಕೊನೆಗೆ ಹೆಂಡತಿ ಹಟ ಮಾಡಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರ್ ಮೇಡಂ ಮಾತ್ರೆ ಬರೆಯುವ ಮೊದಲು ಪ್ರಶ್ನೆ ಕೇಳಿದರು. ಮಲದಲ್ಲಿ ರಕ್ತ ಹೋಗುತ್ತದಾ? ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದಾ? ತೂಕ ಇಳಿದಿದೆಯಾ? ಜ್ವರ ಬರುತ್ತದಾ? ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತಾ? ಎಲ್ಲಕ್ಕೂ ಇಲ್ಲ ಅಂದೆ. ಇದರಲ್ಲಿ ಒಂದಕ್ಕೆ ಹೌದು ಅಂದಿದ್ದರೂ ದಾರಿಯೇ ಬೇರೆಯಾಗುತ್ತಿತ್ತಂತೆ. ನಿಮಗೆ ಇವುಗಳಲ್ಲಿ ಯಾವುದಾದರೂ ಇದ್ದರೆ ನನ್ನ ಕಥೆ ಆಮೇಲೆ ಓದಿ, ಮೊದಲು ಡಾಕ್ಟರ ಹತ್ತಿರ ಹೋಗಿ. ನಾಲ್ಕು ವಾರ ದಾಟಿದ ಭೇದಿಗೆ ಕಾರಣ ಹುಡುಕಲೇಬೇಕು.

ರಕ್ತ, ಥೈರಾಯ್ಡ್, ಶುಗರ್, ಮಲ ಪರೀಕ್ಷೆ ಎಲ್ಲ ನಾರ್ಮಲ್ ಬಂತು. ಮೇಡಂ ಹೇಳಿದರು, ‘ಎರಡು ವಾರ ತಿಂದದ್ದು, ಕುಡಿದದ್ದು, ಹೋದದ್ದು ಎಲ್ಲ ಬರೆದುಕೊಂಡು ಬನ್ನಿ. ಮಾತ್ರೆ ಆಮೇಲೆ ನೋಡೋಣ.’

ಡೈರಿಯ ಹಿಂದಿನ ಪುಟಗಳಲ್ಲಿ ಗೆರೆ ಎಳೆದು ನಾಲ್ಕು ಕಾಲಂ ಮಾಡಿದೆ. ಗಂಟೆ, ಹೊಟ್ಟೆಗೆ ಹೋದದ್ದು, ಮೋಷನ್ ಹೇಗಿತ್ತು, ಅಂದಿನ ಕೆಲಸ. ಹೇಗಿತ್ತು ಅಂತ ಬರೆಯಲು ಮೇಡಂ 1ರಿಂದ 7ರವರೆಗೆ ನಂಬರು ಕೊಟ್ಟರು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮಾಡಿದ ಪಟ್ಟಿ ಅದು. 1 ಅಂದರೆ ಹಿಕ್ಕೆಯಂತೆ ಗಟ್ಟಿ, 4 ಅಂದರೆ ಬಾಳೆಹಣ್ಣಿನಂತೆ ಮೆತ್ತಗೆ, 7 ಅಂದರೆ ಬರೀ ನೀರು. ನಂಬರು ಬರೆಯಲು ನಾಚಿಕೆ ಇರುವುದಿಲ್ಲ, ಅಲ್ವಾ.

ಒಂದು ದಿನದ ಪುಟ ಹೀಗಿದೆ. ಬೆಳಗ್ಗೆ 5: ಖಾಲಿ ಹೊಟ್ಟೆಗೆ ಟೀ. 5.30: ಮೋಷನ್, ನಂಬರು 5. 7: ಹೊಳಲ್ಕೆರೆ, ಟೀ. 8.30: ಇಡ್ಲಿ, ಟೀ. 10: ಶಿವಮೊಗ್ಗ, ಟೀ. 10.45: ಮೋಷನ್, 6. ಮಧ್ಯಾಹ್ನ ಮತ್ತೆ ಎರಡು ಟೀ. 4: ಮೋಷನ್, 7. ರಾತ್ರಿ ಮಲಗುವಾಗ ಶಕ್ತಿ ಬರಲಿ ಅಂತ ಒಂದು ಲೋಟ ಹಾಲು.

ರಜೆ ದಿನದ ಪುಟದಲ್ಲಿ ಒಂದೇ ಸಲ, ಅದೂ 4. ಡ್ಯೂಟಿಯ ಟೆನ್ಶನ್ನೇ ಕಾರಣ ಅಂದುಕೊಂಡೆ. ಮೇಡಂ ಎರಡೂ ಪುಟ ಅಕ್ಕಪಕ್ಕ ಇಟ್ಟು, ಟೀ ಅಂತ ಬರೆದ ಕಡೆಯೆಲ್ಲ ಪೆನ್ನಿನಿಂದ ಸುತ್ತು ಹಾಕಿದರು. ಡ್ಯೂಟಿ ದಿನ ಆರು, ಜೊತೆಗೆ ರಾತ್ರಿಯ ಹಾಲು. ರಜೆ ದಿನ ಒಂದೇ.

ಅವರು ಬಿಡಿಸಿ ಹೇಳಿದ್ದು ಇದು. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. 100 ಮಿಲಿ ಹಾಲಿಗೆ ಹೆಚ್ಚುಕಡಿಮೆ 5 ಗ್ರಾಂ. ಅದನ್ನು ಒಡೆಯುವ ಕಿಣ್ವ ಸಣ್ಣ ಕರುಳಿನ ಒಳಗೋಡೆಯ ತುದಿಯಲ್ಲಿರುತ್ತದೆ. ನಮ್ಮಲ್ಲಿ ಬಹಳ ಜನರಿಗೆ ವಯಸ್ಸಾದಂತೆ ಅದು ಕಡಿಮೆಯಾಗುತ್ತದೆ. ದೊಡ್ಡ ಭೇದಿ ಆದಾಗ ಆ ಒಳಗೋಡೆಯೇ ಸವೆಯುತ್ತದೆ, ಕಿಣ್ವ ಇನ್ನೂ ಇಳಿಯುತ್ತದೆ. ಒಡೆಯದ ಸಕ್ಕರೆ ಕರುಳಿನೊಳಕ್ಕೆ ನೀರು ಎಳೆದುಕೊಳ್ಳುತ್ತದೆ. ದೊಡ್ಡ ಕರುಳಿಗೆ ಇಳಿದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸುತ್ತವೆ. ಗುಡುಗುಡು, ಉಬ್ಬರ, ನೀರು ಎಲ್ಲ ಅಲ್ಲಿಂದಲೇ. ಸಾಲದ್ದಕ್ಕೆ ನಾನು ಮತ್ತೆ ಮತ್ತೆ ನುಂಗಿದ ಆಂಟಿಬಯಾಟಿಕ್, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಸಾಯಿಸಿ ಸುಧಾರಿಸಿಕೊಳ್ಳಲು ಬಿಟ್ಟಿರಲಿಲ್ಲ. ಒಂದು ಕಡೆ ಹೊಟ್ಟೆ ನಿಲ್ಲಿಸಲು ಮಾತ್ರೆ, ಇನ್ನೊಂದು ಕಡೆ ಶಕ್ತಿಗೆ ಹಾಲು. ಕೇಳಿಸಿಕೊಂಡಾಗ ನಿಜವಾಗಿ ಬೇಸರವಾಯಿತು.

ಎರಡು ವಾರ ಹಾಲು ಪೂರ್ತಿ ಬಿಟ್ಟೆ. ಹೋಟೆಲಿನಲ್ಲಿ ಲೆಮನ್ ಟೀ. ಮೊಸರು, ಮಜ್ಜಿಗೆ ಬಿಡಬೇಡಿ ಅಂದಿದ್ದರು. ಹಾಲು ಹೆಪ್ಪುಗಟ್ಟುವಾಗ ಆ ಸಕ್ಕರೆ ಸ್ವಲ್ಪ ಖರ್ಚಾಗುತ್ತದೆ, ಉಳಿದದ್ದನ್ನು ಅರಗಿಸಲು ಮೊಸರಿನ ಬ್ಯಾಕ್ಟೀರಿಯಾಗಳೇ ನೆರವಾಗುತ್ತವೆ. ಐದನೇ ದಿನದ ಹೊತ್ತಿಗೆ 6, 7 ಅನ್ನುವ ನಂಬರು ಪುಟದಿಂದ ಮಾಯ. ಆಮೇಲೆ ಒಂದು ಭಾನುವಾರ ಬೇಕೆಂದೇ ಒಂದು ದೊಡ್ಡ ಲೋಟ ಹಾಲು ಕುಡಿದು ಮನೆಯಲ್ಲೇ ಕೂತೆ. ಎರಡು ಗಂಟೆಯೊಳಗೆ ಹೊಟ್ಟೆ ಗುಡುಗಿತು. ಹೀಗೆ ಬಿಟ್ಟು, ಮತ್ತೆ ಸೇರಿಸಿ ನೋಡಲೇಬೇಕು. ಇಲ್ಲದಿದ್ದರೆ ಸುಮ್ನೆ ಅನುಮಾನದ ಮೇಲೆ ಒಂದೊಂದೇ ಊಟ ಬಿಡುತ್ತಾ ಸೊರಗುತ್ತೇವೆ.

ಪೂರ್ತಿ ಗುಣವಾಯಿತಾ ಅಂದರೆ, ಇಲ್ಲ. ಬೆಳಗ್ಗೆ ಡ್ಯೂಟಿಗೆ ಹೊರಡುವಾಗ ಅವಸರ ಮಾತ್ರ ಉಳಿಯಿತು. ಹೊಟ್ಟೆಗೆ ಏನಾದರೂ ಬಿದ್ದ ಕೂಡಲೇ ದೊಡ್ಡ ಕರುಳು ಚುರುಕಾಗುವುದು ಎಲ್ಲರಿಗೂ ಸಹಜ. ಸೋಂಕು ಆದವರಲ್ಲಿ ಕೆಲವರಿಗೆ ಅದು ತಿಂಗಳುಗಟ್ಟಲೆ ಜಾಸ್ತಿಯಾಗಿಯೇ ಇರುತ್ತದೆ. ಇದಕ್ಕೆ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಅನ್ನುತ್ತಾರೆ. ಕರುಳಿನಲ್ಲಿ ಹುಣ್ಣು ಗಡ್ಡೆ ಏನೂ ಇರುವುದಿಲ್ಲ, ಆದರೆ ತೊಂದರೆ ಸುಳ್ಳಲ್ಲ. ಈಗ ಮುಕ್ಕಾಲು ಗಂಟೆ ಮೊದಲೇ ಏಳುತ್ತೇನೆ. ಟೀ ಬದಲು ರಾಗಿ ಅಂಬಲಿ ಕುಡಿದು, ಹೊಟ್ಟೆ ಖಾಲಿಯಾಗುವ ತನಕ ಕಾದು ಹೊರಡುತ್ತೇನೆ. ರಾತ್ರಿ ಒಂದು ಚಮಚ ಇಸಬಗೋಲ್ ಒಂದು ಲೋಟ ನೀರಿನಲ್ಲಿ. ಮಲಬದ್ಧತೆಗೆ ಮಾತ್ರ ಅದು ಅಂದುಕೊಂಡಿದ್ದೆ. ನೀರು ಹೀರಿಕೊಂಡು ಉಬ್ಬುವುದರಿಂದ ಸಡಿಲ ಮೋಷನ್ನಿಗೂ ಆಗುತ್ತದೆ. ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಪ್ರೊಬಯಾಟಿಕ್ ಕ್ಯಾಪ್ಸೂಲ್ ಒಂದು ತಿಂಗಳು ತಿಂದೆ, ನನಗೆ ವ್ಯತ್ಯಾಸ ಕಾಣಲಿಲ್ಲ. ಆ ದುಡ್ಡಿಗೆ ಮನೆ ಮಜ್ಜಿಗೆಯೇ ಮೇಲು ಅನ್ನಿಸಿತು. ಅವರೆಕಾಯಿ ಕಾಲದಲ್ಲಿ ಹಿಡಿತ ಬೇಕು. ಒಂದು ಸೌಟು ಹುಳಿಗೆ ಏನೂ ಆಗುವುದಿಲ್ಲ, ಮೂರು ಸೌಟಾದರೆ ಮರುದಿನ ಡೈರಿಯಲ್ಲಿ ಬರುತ್ತದೆ.

ಇನ್ನೊಂದು ಮಾತು, ಓಆರ್‌ಎಸ್, ಅಂದರೆ ಭೇದಿಯಾದಾಗ ನೀರಿಗೆ ಬೆರೆಸಿ ಕುಡಿಸುವ ಉಪ್ಪು ಸಕ್ಕರೆಯ ಪುಡಿ. ಹೋದ ಮಳೆಗಾಲದಲ್ಲಿ ಮಗಳಿಗೆ ಭೇದಿಯಾದಾಗ ನಮ್ಮ ಅಕ್ಕ ಇಡೀ ಪ್ಯಾಕೆಟನ್ನು ಒಂದೇ ಲೋಟಕ್ಕೆ ಸುರಿಯುತ್ತಿದ್ದರು. ‘ಅಕ್ಕಾ, ನಿಲ್ಲಿ’ ಅಂತ ಕೈ ಹಿಡಿದೆ. ದೊಡ್ಡ ಪ್ಯಾಕೆಟಿನ ಮೇಲೆ 1 ಲೀಟರ್ ನೀರಿಗೆ ಅಂತ ಬರೆದಿರುತ್ತದೆ. ನೀರು ಕಡಿಮೆಯಾದರೆ ಉಪ್ಪು ಜಾಸ್ತಿಯಾಗಿ ಮಗುವಿಗೆ ಅಪಾಯ. ಪ್ಯಾಕೆಟ್ ಇಲ್ಲದಿದ್ದರೆ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸಕ್ಕರೆ ರುಚಿಗಲ್ಲ. ಉಪ್ಪು, ನೀರು ಎರಡನ್ನೂ ಕರುಳಿನಿಂದ ರಕ್ತಕ್ಕೆ ದಾಟಿಸುವುದೇ ಅದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಇಂಥದ್ದೇ ನೀರು ಕುಡಿಸಿ ಸಾವಿರಾರು ಜೀವ ಉಳಿಸಿದರು. ಮಕ್ಕಳಿಗೆ ಇದರ ಜೊತೆ 14 ದಿನ ಜಿಂಕ್ ಕೂಡ ಕೊಡುತ್ತಾರೆ. ಭೇದಿ ನಿಂತಿತು ಅಂತ ಮಧ್ಯದಲ್ಲಿ ಬಿಡಬಾರದು.

ನಮ್ಮ ಬಸ್ಸಿನ ಡ್ರೈವರ್ ಅಣ್ಣನಿಗೂ ಇದೇ ಕಷ್ಟವಿತ್ತು. ‘ನೀನು ಬಿಟ್ಟಂಗೆ ನಾನೂ ಹಾಲು ಬಿಟ್ಟೆ ಕಣೋ ತಮ್ಮಾ, ಏನೂ ಆಗಲಿಲ್ಲ’ ಅಂದರು. ಅವರ ಕೈಗೂ ಒಂದು ಡೈರಿ ಕೊಟ್ಟು, ನುಂಗುವ ಮಾತ್ರೆಯನ್ನೂ ಬರೆಯಿರಿ ಅಂದೆ. ಶುಗರ್‌ಗೆ ಮೆಟ್‌ಫಾರ್ಮಿನ್ ಡೋಸ್ ಜಾಸ್ತಿ ಮಾಡಿದ ವಾರದಿಂದಲೇ ಭೇದಿ ಶುರುವಾಗಿತ್ತು. ಮಾತ್ರೆ ತಾವಾಗಿಯೇ ನಿಲ್ಲಿಸದೆ, ಡೈರಿ ಹಿಡಿದು ಡಾಕ್ಟರ ಹತ್ತಿರ ಹೋದರು. ನಿಧಾನವಾಗಿ ಕರಗುವ ಬಗೆಯ ಅದೇ ಮಾತ್ರೆಯನ್ನು ಊಟದ ಜೊತೆ ತೆಗೆದುಕೊಳ್ಳಲು ಬರೆದುಕೊಟ್ಟರಂತೆ. ಈಗ ಚನ್ನಗಿರಿಯಲ್ಲಿ ಬಸ್ ನಿಂತರೆ ಅವರು ಹಾಲಿನ ಟೀ ಕುಡಿಯುತ್ತಾರೆ, ನಾನು ಲೆಮನ್ ಟೀ.