ಸಾಲ್ಸಾ ಸಾರಾಗದಿರಲಿ

ಸಾಲ್ಸಾ ಎಂದರೆ ಚಿಪ್ಸ್ ಅದ್ದಿಕೊಂಡು ತಿನ್ನುವ ಟೊಮೆಟೊ ಗೊಜ್ಜು. ಹುಟ್ಟುಹಬ್ಬದ ಮನೆಗಳಲ್ಲಿ ನಾನು ತಿಂದ ಸಾಲ್ಸಾಗಳಲ್ಲಿ ಅರ್ಧಕ್ಕರ್ಧ ಸಾರೇ ಆಗಿದ್ದವು. ಬಟ್ಟಲಿನ ತಳದಲ್ಲಿ ಕೆಂಪು ನೀರು, ಅದರ ಮೇಲೆ ತೇಲುವ ಈರುಳ್ಳಿ. ಅದ್ದಿದ ಚಿಪ್ಸ್ ಬಾಯಿಗೆ ಬರುವ ಮೊದಲೇ ಮುರಿದು ಅಂಗಿಯ ಮೇಲೆ ಬೀಳುತ್ತದೆ. ಮಾಡಿದವರ ಕೈರುಚಿಯಲ್ಲಿ ತಪ್ಪಿರುವುದಿಲ್ಲ; ನೀರು ಬಸಿದಿರುವುದಿಲ್ಲ, ಅಷ್ಟೇ.

ಮೆಕ್ಸಿಕೊದವರ ಸಾಲ್ಸಾಗಳಲ್ಲಿ ಹತ್ತಾರು ಬಗೆ. ಇಲ್ಲಿ ಹೇಳುತ್ತಿರುವುದು ಒಲೆ ಹಚ್ಚದೆ ಮಾಡುವ ‘ಪಿಕೊ ದೆ ಗಾಯೊ’; ಸ್ಪ್ಯಾನಿಷ್‌ನಲ್ಲಿ ಹುಂಜದ ಕೊಕ್ಕು ಎಂದರ್ಥ. ಹತ್ತು ಹನ್ನೆರಡು ಜನರಿಗೆ 1 ಕೆ.ಜಿ. ಟೊಮೆಟೊ, 2 ದೊಡ್ಡ ಈರುಳ್ಳಿ, 4 ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, 2 ನಿಂಬೆಹಣ್ಣು, ಉಪ್ಪು ಸಾಕು.

ನಾಟಿ ಟೊಮೆಟೊ ಸಾರಿಗೆ ಚೆನ್ನ, ಇಲ್ಲಿ ಬೇಡ. ಅದರ ಒಳಗೆಲ್ಲ ರಸವೇ. ಉದ್ದನೆಯ, ದಪ್ಪ ತಿರುಳಿನ ಹೈಬ್ರಿಡ್ ಹಣ್ಣನ್ನೇ ತನ್ನಿ. ಪೂರಾ ಕೆಂಪಾಗಿರಬೇಕು, ಒತ್ತಿದರೆ ಗಟ್ಟಿಯಾಗಿರಬೇಕು. ಉದ್ದಕ್ಕೆ ನಾಲ್ಕು ಹೋಳು ಮಾಡಿ, ಬೀಜ ಮತ್ತು ಲೋಳೆಯನ್ನು ಹೆಬ್ಬೆರಳಿನಿಂದ ತಳ್ಳಿ ತೆಗೆಯಿರಿ (ನಾಳೆಯ ಸಾರಿಗೆ ಎತ್ತಿಡಿ). ತಿರುಳನ್ನು ಕಡಲೆಕಾಳಿನಷ್ಟು ಸಣ್ಣಗೆ ಹೆಚ್ಚಿ. ಚಾಕು ಹರಿತವಾಗಿರಲಿ, ಮೊಂಡು ಚಾಕು ಹೆಚ್ಚುವುದಿಲ್ಲ, ಜಜ್ಜುತ್ತದೆ. ಮಿಕ್ಸಿಯಂತೂ ಬೇಡವೇ ಬೇಡ. ಒಂದು ಸುತ್ತು ತಿರುಗಿದರೂ ನೊರೆಯೆದ್ದು ಗುಲಾಬಿ ಬಣ್ಣಕ್ಕೆ ಬರುತ್ತದೆ.

ಈಗ ಎಲ್ಲರೂ ಹಾರಿಸಿಬಿಡುವ ಹಂತ. ಹೆಚ್ಚಿದ ಟೊಮೆಟೊಗೆ ಒಂದು ಚಹಾ ಚಮಚ ಉಪ್ಪು ಬೆರೆಸಿ, ಸಣ್ಣ ತೂತಿನ ಬುಟ್ಟಿಗೆ ಸುರಿದು, ಕೆಳಗೆ ಪಾತ್ರೆಯಿಟ್ಟು 20 ನಿಮಿಷ ಬಿಡಿ. ಸೌತೆಕಾಯಿ ಕೋಸಂಬರಿಗೆ ಮೊದಲೇ ಉಪ್ಪು ಹಾಕಿಟ್ಟರೆ ನೀರು ಬಿಟ್ಟುಕೊಳ್ಳುತ್ತದಲ್ಲ, ಅದೇ ಇದು. ಅಲ್ಲಿ ಅದು ಎಡವಟ್ಟು, ಇಲ್ಲಿ ಉಪಾಯ. ಮಧ್ಯೆ ಎರಡು ಸಲ ಬುಟ್ಟಿಯನ್ನು ಕುಲುಕಿ. ಕೈಯಿಂದ ಹಿಂಡಬೇಡಿ, ಹೋಳು ಒಡೆಯುತ್ತದೆ. ಕೆಳಗೆ ಇಳಿದ ರಸ ನೋಡಿದರೆ ಬಟ್ಟಲಿನಲ್ಲಿ ಇಷ್ಟು ದಿನ ಏನಿತ್ತೆಂದು ತಿಳಿಯುತ್ತದೆ.

ಹೆಚ್ಚಿದ ಈರುಳ್ಳಿಯನ್ನು ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಸಿ, ಬಟ್ಟೆಯಲ್ಲಿ ಒರೆಸಿ, ಎಲ್ಲವನ್ನೂ ಬೆರೆಸಿದರೆ ಆಯಿತು. ಕೊತ್ತಂಬರಿಯ ಎಳೆ ದಂಟನ್ನು ಬಿಡಬೇಡಿ. ನಿಂಬೆರಸ ಅತಿಥಿಗಳು ಬರುವ ಅರ್ಧ ಗಂಟೆ ಮೊದಲು ಹಾಕಿ. ಸೀಸೆಯ ನಿಂಬೆರಸ ನನ್ನ ಅಡುಗೆಮನೆಗೆ ಬರುವುದಿಲ್ಲ. ಉಪ್ಪಿನ ರುಚಿಯನ್ನು ಚಮಚದಲ್ಲಿ ನೋಡದೆ ಚಿಪ್ಸ್‌ನಲ್ಲೇ ನೋಡಿ, ಏಕೆಂದರೆ ಚಿಪ್ಸ್‌ಗೂ ಉಪ್ಪಿರುತ್ತದೆ.

ಜೊತೆಗೆ ಬಿಳಿಯ ಡಿಪ್ ಇರಲಿ ಎನ್ನುವವರಿಗೆ ಕಟ್ಟು ಮೊಸರು. ಇಲ್ಲಿಯೂ ಜಗಳ ನೀರಿನೊಂದಿಗೇ. ಕೆನೆಹಾಲಿನ 1 ಕೆ.ಜಿ. ಗಟ್ಟಿ ಮೊಸರನ್ನು ತೆಳು ಪಂಚೆಯಲ್ಲಿ ಕಟ್ಟಿ, ಜಾಲರಿಯ ಮೇಲಿಟ್ಟು, ರಾತ್ರಿಯಿಡೀ ಫ್ರಿಜ್‌ನಲ್ಲಿ ಬಿಡಿ. ಶ್ರೀಖಂಡಕ್ಕೆ ಮಾಡುವ ಹಾಗೆಯೇ. ಏಪ್ರಿಲ್ ಸೆಕೆಯಲ್ಲಿ ನಲ್ಲಿಗೆ ನೇತುಹಾಕಿ ಮಲಗಿದವರ ಮೊಸರು ಬೆಳಿಗ್ಗೆ ಹುಳಿಹಿಡಿದದ್ದನ್ನು ನೋಡಿದ್ದೇನೆ. ಸುಮಾರು ಅರ್ಧದಷ್ಟು ಉಳಿಯುತ್ತದೆ. ಇಳಿದ ನೀರಿನಲ್ಲಿ ಚಪಾತಿ ಹಿಟ್ಟು ಕಲಸಿ. ಮೊಸರಿಗೆ ಜಜ್ಜಿದ ಬೆಳ್ಳುಳ್ಳಿ ಒಂದೇ ಎಸಳು ಸಾಕು, ಇಟ್ಟಷ್ಟೂ ಅದರ ಘಾಟು ಏರುತ್ತದೆ. ಪುದೀನ, ಕಾಳುಮೆಣಸಿನ ಪುಡಿ, ಉಪ್ಪು ಸೇರಿಸಿ ಚಮಚದಲ್ಲಿ ಕಲಸಿ. ಮಿಕ್ಸಿಗೆ ಹಾಕಿದರೆ ರಾತ್ರಿಯೆಲ್ಲ ಗಟ್ಟಿಯಾದದ್ದು ಅರೆಗಳಿಗೆಯಲ್ಲಿ ತೆಳ್ಳಗಾಗುತ್ತದೆ. ಪೊಟ್ಟಣದ ಡಿಪ್ ಪುಡಿ ಹಾಕುವುದಾದರೆ ಇಷ್ಟು ಕಷ್ಟ ಏಕೆ, ಚಿಪ್ಸನ್ನೇ ಬರಿದಾಗಿ ತಿನ್ನಿ.

ಎಲ್ಲವನ್ನೂ ಒಂದೇ ದೊಡ್ಡ ಬೋಗುಣಿಯಲ್ಲಿ ಮೇಜಿಗಿಡಬೇಡಿ. ಚಿಕ್ಕ ಬಟ್ಟಲಲ್ಲಿಟ್ಟು, ಮುಗಿದಂತೆ ಫ್ರಿಜ್‌ನಿಂದ ತುಂಬಿ. ಸಾಲ್ಸಾ ಉಳಿದರೆ ಮರುದಿನ ಸಾಸಿವೆ, ಇಂಗಿನ ಒಗ್ಗರಣೆಯಲ್ಲಿ ಬಾಡಿಸಿ. ಅಕ್ಕಿರೊಟ್ಟಿಗೆ ಒಳ್ಳೆಯ ಗೊಜ್ಜು.